ಮೊಮ್ಮಕ್ಕಳೊಡನೆ ಜಲಕ್ರೀಡೆ

ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ನಮ್ಮ ಲಾಕ್ಷಣಿಕರು ವಿಧಿಸಿದ್ದಾರೆ. ನಗರ, ಸಮುದ್ರ, ಪರ್ವತ, ಚಂದ್ರೋದಯ ಮುಂತಾದವುಗಳ ಸಾಲಿನಲ್ಲಿ ಜಲಕ್ರೀಡೆಯೂ ಒಂದು. ಪಂಡಿತ ಪರೀಕ್ಷೆಗೆ ಓದುವಾಗ ನಾನು ಈ ಪಟ್ಟಿಯನ್ನು ಉರುಹೊಡೆದೆ. ಅಧ್ಯಾಪಕನಾದ ಮೇಲೆ ಮೂವತ್ತು ವರ್ಷಗಳಿಂದ ಮಕ್ಕಳಿಂದ ಉರುಹೊಡೆಸುತ್ತಿದ್ದೇನೆ. ಆದರೆ ಓದುಗರೆ, ನಿಮ್ಮಲ್ಲಿ ಮುಚ್ಚುಮರೆಯೇಕೆ? ಮೊಣಕಾಲಿಗಿಂತ ಆಳದ ನೀರಿಗೆ ನಾನು ಎಂದೂ ಇಳಿದವನಲ್ಲ. ಕಾವ್ಯಗಳ ಜಲಕ್ರೀಡೆಯಲ್ಲಿ ರಾಜನಿರುತ್ತಾನೆ, ರಾಣಿಯರಿರುತ್ತಾರೆ, ತಾವರೆಗಳಿರುತ್ತವೆ. ನಾಲ್ಕು ವರ್ಷದ ಕೂಸೊಂದನ್ನು ಕೈಯಲ್ಲಿ ಹಿಡಿದು ತತ್ತರಿಸುವ ತಾತನೊಬ್ಬ ಯಾವ ಕಾವ್ಯದಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಆ ಪಾತ್ರವನ್ನು ಕಳೆದ ಬೇಸಿಗೆಯಲ್ಲಿ ನಾನೇ ವಹಿಸಬೇಕಾಗಿ ಬಂದಿತು.

ತುಮಕೂರಿನಿಂದ ನಮ್ಮನ್ನು ಕಾರಿನಲ್ಲಿ ಹೊರಡಿಸಿದವರು ನಮ್ಮ ಅಳಿಯಂದಿರು. ಮಗಳು, ಏಳು ವರ್ಷದ ಮೊಮ್ಮಗಳು, ನಾಲ್ಕು ವರ್ಷದ ಮೊಮ್ಮಗ, ನನ್ನ ಹೆಂಡತಿ, ಅವಳ ಕೊಡುಬಳೆಯ ಡಬ್ಬ, ಇಷ್ಟು ನಮ್ಮ ಪರಿವಾರ. ಡಬ್ಬವನ್ನು ಒಳಗೆ ಒಯ್ಯುವಂತಿಲ್ಲವೆಂದು ಬಾಗಿಲಲ್ಲಿ ತಿಳಿದು, ಅದು ದಿನವೆಲ್ಲ ಕಾರಿನಲ್ಲಿಯೇ ಬಿಸಿಲು ಕಾಯಿತು.

ಇಂಥ ವಿಹಾರಧಾಮಗಳು ನಮ್ಮ ನಾಡಿಗೆ ಬಂದು ಬಹಳ ಕಾಲವಾಗಿಲ್ಲ. ನನ್ನ ಬಾಲ್ಯದಲ್ಲಿ ಜಾತ್ರೆಯ ರಾಟೆ ತೊಟ್ಟಿಲೇ ನಮಗೆ ಸ್ವರ್ಗಾರೋಹಣ. ದೆಹಲಿಯ ಅಪ್ಪು ಘರ್ 1984ರಲ್ಲಿ ತೆರೆಯಿತು, 2008ರಲ್ಲಿ ಮುಚ್ಚಿತು. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಆರಂಭವಾಯಿತು; ಅದನ್ನು ಕಟ್ಟಿದವರೇ 2005ರಲ್ಲಿ ಬಿಡದಿಯ ಹತ್ತಿರ ವಂಡರ್‌ಲಾವನ್ನು ತೆರೆದರು. ಮೈಸೂರಿನಲ್ಲಿ ಜಿ.ಆರ್.ಎಸ್. ಉಂಟು. ಇವೆಲ್ಲಕ್ಕೂ ಮೇಲ್ಪಂಕ್ತಿಯಾದ ಡಿಸ್ನಿಲ್ಯಾಂಡ್ ಅಮೆರಿಕದ ಅನಾಹೈಮ್‌ನಲ್ಲಿ ತೆರೆದುದು 1955ರ ಜುಲೈ 17ರಂದು. ಅದರ ಹುಟ್ಟನ್ನು ಕುರಿತು ವಾಲ್ಟ್ ಡಿಸ್ನಿ ತಾವೇ ಹೇಳಿಕೊಳ್ಳುತ್ತಿದ್ದ ಸಂಗತಿಯೊಂದಿದೆ. ಲಾಸ್ ಏಂಜಲಿಸ್‌ನ ಉದ್ಯಾನವೊಂದರಲ್ಲಿ ಅವರ ಇಬ್ಬರು ಹೆಣ್ಣುಮಕ್ಕಳು ಸುತ್ತುವ ಕುದುರೆಯ ಮೇಲೆ ಆಡುತ್ತಿದ್ದರಂತೆ, ತಂದೆ ಬೆಂಚಿನ ಮೇಲೆ ಸುಮ್ಮನೆ ಕುಳಿತಿದ್ದರಂತೆ. ಹೆತ್ತವರೂ ಮಕ್ಕಳೂ ಒಟ್ಟಿಗೆ ಆಡುವ ಸ್ಥಳವೇಕಿರಬಾರದು ಎಂಬ ಯೋಚನೆ ಆ ಬೆಂಚಿನ ಮೇಲೆ ಹುಟ್ಟಿತು. ನಾನಾದರೋ ಬೆಂಚಿನ ಮೇಲೆ ಕುಳಿತುಕೊಳ್ಳುವ ಆಸೆಯಿಂದಲೇ ಹೋದವನು.

ನಾವು ಯಾವ ಧಾಮಕ್ಕೆ ಹೋದೆವೆಂಬುದನ್ನು ಹೇಳುವುದಿಲ್ಲ. ಮುಂದೆ ಹೇಳಲಿರುವ ತಪ್ಪು ನನ್ನದು. ಅವರ ಹೆಸರೇಕೆ ಅದರೊಡನೆ ಸೇರಬೇಕು?

ಬೆಳಗಿನ ಹೊತ್ತು ಒಣ ನೆಲದ ಆಟಗಳು. ಇಲ್ಲಿ ಮನುಷ್ಯನನ್ನು ವಯಸ್ಸಿನಿಂದ ಅಳೆಯುವುದಿಲ್ಲ, ಎತ್ತರದಿಂದ ಅಳೆಯುತ್ತಾರೆ. ಒಂದೊಂದು ಆಟದ ಬಾಗಿಲಲ್ಲಿಯೂ ಒಂದು ಅಳತೆಯ ಪಟ್ಟಿ. ಒಂದು ಕಡೆ 120 ಸೆಂಟಿಮೀಟರ್ ಎಂದಿತ್ತು. ನಮ್ಮ ಹುಡುಗಿಗೆ ಎರಡು ಬೆರಳು ಸಾಲದು. ಅವಳು ತುದಿಗಾಲಲ್ಲಿ ನಿಂತಳು, ಜುಟ್ಟನ್ನು ಮೇಲೆ ಕಟ್ಟಿಕೊಂಡಳು, ಕೊನೆಗೆ ಅತ್ತಳು. "ಎರಡು ಬೆರಳಿಗೇನು ಸಾರ್, ಸ್ವಲ್ಪ ನೋಡಿ" ಎಂದು ಅಳಿಯಂದಿರು ಬಾಗಿಲಲ್ಲಿದ್ದ ಹುಡುಗನನ್ನು ಕೇಳಿದರು. ಅವನು ನಗುತ್ತಲೇ ಒಲ್ಲೆನೆಂದ. ಅವನು ಮಾಡಿದ್ದು ಸರಿ. ಎದೆಗೆ ಅಡ್ಡವಾಗಿ ಬರುವ ಕಬ್ಬಿಣದ ಸರಳು ಒಂದು ಅಳತೆಯ ಮೈಗಾಗಿ ಮಾಡಿದ್ದು; ಅದಕ್ಕಿಂತ ಚಿಕ್ಕ ಮೈ ಅದರ ಕೆಳಗೆ ಜಾರಬಹುದು. ಒಂದು ಮಾತ್ರೆ ಕಡಿಮೆಯಾದ ಷಟ್ಪದಿಗೆ ನಾನು ಎಂದಾದರೂ ಅಂಕ ಕೊಟ್ಟಿದ್ದೇನೆಯೆ? ನೀವು ಹೋದಾಗಲೂ ಈ ಪಟ್ಟಿಯ ಮುಂದೆ ಚೌಕಾಸಿಗೆ ನಿಲ್ಲಬೇಡಿ. ಮನೆಯಲ್ಲಿಯೇ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಅಳೆದು, ಯಾವುದು ಉಂಟು, ಯಾವುದು ಇಲ್ಲ ಎಂಬುದನ್ನು ಮೊದಲೇ ಹೇಳಿಬಿಟ್ಟರೆ ಅರ್ಧ ಅಳು ಮನೆಯಲ್ಲಿಯೇ ಮುಗಿಯುತ್ತದೆ.

ಮಧ್ಯಾಹ್ನ ನೀರಿನ ಸರದಿ. ಹತ್ತಿಯ ಬಟ್ಟೆ ಕೂಡದು, ನೈಲಾನಿನದೇ ಬೇಕು ಎಂದರು. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಅದರ ಎಳೆಗಳು ನೀರು ಸೋಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತವೆ. ಆದುದರಿಂದ ಈ ನಿಯಮ. ಪಂಚೆಯನ್ನು ಬಿಚ್ಚಿಟ್ಟು ಬಾಡಿಗೆಯ ನೈಲಾನ್ ಚಡ್ಡಿ ತೊಟ್ಟು ಹೊರಬಂದ ನನ್ನನ್ನು ನೋಡಿ ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನೀರಿನಲ್ಲಿ ಬಿದ್ದುಹೋದೀತೆಂದು ನನ್ನ ಕನ್ನಡಕವನ್ನು ಬಟ್ಟೆಯೊಡನೆ ಬೀಗದ ಪೆಟ್ಟಿಗೆಯಲ್ಲಿಟ್ಟೆ. ಇದು ನನ್ನ ಮೊದಲನೆಯ ತಪ್ಪು. ಎರಡನೆಯ ತಪ್ಪನ್ನು ಹಿಂದಿನ ವಾರವೇ ಮಾಡಿಯಾಗಿತ್ತು: ಮೊಮ್ಮಗನಿಗೆ ನೀರಿನ ಅಂಗಿ ಕೊಳ್ಳುವಾಗ, ಕೃಷ್ಣನ ಮೈಬಣ್ಣವೆಂದು, ನೀಲಿಯದನ್ನೇ ಆರಿಸಿದ್ದೆ.

ಅಲ್ಲಿ ಅಲೆಗಳ ಕೊಳವೊಂದಿದೆ. ಒಂದು ತುದಿಯಲ್ಲಿ ಕಡಲತೀರದಂತೆ ಇಳಿಜಾರಾಗಿ, ಪಾದ ಮುಳುಗುವಷ್ಟು ನೀರಿನಿಂದ ಶುರುವಾಗಿ, ಇನ್ನೊಂದು ತುದಿಯಲ್ಲಿ ಆಳವಾಗುತ್ತದೆ. ಆಳದ ಗೋಡೆಯ ಹಿಂದೆ ಕೋಣೆಗಳಿವೆ. ಅವುಗಳೊಳಕ್ಕೆ ಯಂತ್ರ ಗಾಳಿಯನ್ನು ಊದಿ ನೀರನ್ನು ಒತ್ತುತ್ತದೆ, ಬಿಡುತ್ತದೆ, ಮತ್ತೆ ಒತ್ತುತ್ತದೆ. ಆ ಒತ್ತಡವೇ ಅಲೆಯಾಗಿ ನಮ್ಮ ಕಡೆಗೆ ಬರುತ್ತದೆ. ಕೆಲವು ನಿಮಿಷ ಅಲೆ, ಆಮೇಲೆ ಕೆಲವು ನಿಮಿಷ ವಿರಾಮ. ಅಲೆ ಏಳುವ ಮುನ್ನ ಸೈರನ್ ಕೂಗುತ್ತದೆ. ಕೂಗಿದೊಡನೆ ನೂರಾರು ಜನ ಹೋ ಎಂದು ನೀರಿಗೆ ಓಡುತ್ತಾರೆ.

ಮಗಳೂ ಅಳಿಯಂದಿರೂ ದೊಡ್ಡ ಜಾರುಬಂಡಿಗೆ ಹೋಗಿದ್ದರು. ನಾನೇ ಹೋಗಿ ಬನ್ನಿ ಎಂದಿದ್ದೆ, ಅವರಿಗೂ ವಯಸ್ಸಲ್ಲವೆ? ನನ್ನ ಹೆಂಡತಿ ಬ್ಯಾಗುಗಳ ಕಾವಲಿಗೆ ನೆರಳಿನಲ್ಲಿ ಕುಳಿತಿದ್ದಳು. ಬಲಗೈಯಲ್ಲಿ ಮೊಮ್ಮಗಳು, ಎಡಗೈಯಲ್ಲಿ ಮೊಮ್ಮಗ, ಕಾಲ ಕೆಳಗೆ ಗೇಣುದ್ದದ ನೀರು. ಇದರಲ್ಲೇನು ಭಯ ಎಂದುಕೊಂಡೆ. ಸೈರನ್ ಕೂಗಿತು. ಎರಡನೆಯದೋ ಮೂರನೆಯದೋ ಅಲೆಗೆ ಹುಡುಗಿ ಕಾಲುಜಾರಿ ಕುಕ್ಕರಿಸಿದಳು. ಅವಳನ್ನು ಎತ್ತಲು ಎರಡೂ ಕೈ ಚಾಚಿದೆ. ಎತ್ತಿ ನಿಲ್ಲಿಸಿ ತಿರುಗಿ ನೋಡುತ್ತೇನೆ, ಹುಡುಗನಿಲ್ಲ.

ಕನ್ನಡಕವಿಲ್ಲದ ನನ್ನ ಕಣ್ಣಿಗೆ ಐದು ಮಾರಿನಾಚೆಗಿನ ಲೋಕವೆಲ್ಲ ಕಲಸಿದ ಬಣ್ಣ. ಕೊಳದ ತಳ ನೀಲಿ, ನೀರು ನೀಲಿ, ಅವನ ಅಂಗಿಯೂ ನೀಲಿ. ಎಲ್ಲ ಮಕ್ಕಳ ತಲೆಯ ಮೇಲೂ ಒಂದೇ ಬಗೆಯ ಟೋಪಿ. "ಪುಟ್ಟಾ!" ಎಂದು ಕೂಗಿದೆ. ನಾಲ್ಕಾರು ಪುಟ್ಟಂದಿರು ತಿರುಗಿದರು, ಯಾರೂ ನಮ್ಮವನಲ್ಲ. ಸುತ್ತಲೂ ಕೇಕೆ, ನಗೆ, ಹಾಡು. ಮೂವತ್ತು ವರ್ಷ ತರಗತಿಗಳಲ್ಲಿ ಕೂಗಿ ಗಟ್ಟಿಯಾದ ನನ್ನ ಗಂಟಲು ಅಲ್ಲಿ ನೊಣದ ಸದ್ದಿನಷ್ಟೂ ಕೇಳಿಸಲಿಲ್ಲ. ಹುಡುಗಿಯ ಕೈಯನ್ನು ಬಿಡುವಂತಿಲ್ಲ, ಬಿಡದೆ ಓಡುವಂತಿಲ್ಲ. ಬಹಳ ವರ್ಷಗಳ ಹಿಂದೆ ನಮ್ಮ ಶಾಲೆಯ ಹುಡುಗನೊಬ್ಬ ಕಲ್ಲುಗಣಿಯ ನೀರಿಗೆ ಬಿದ್ದು ಹೋದ. ಮಾರನೆಯ ದಿನ ಹಾಜರಿ ಕೂಗುವಾಗ ಅಭ್ಯಾಸಬಲದಿಂದ ಅವನ ಹೆಸರನ್ನೂ ಕೂಗಿಬಿಟ್ಟಿದ್ದೆ. ಆಗ ತರಗತಿಯಲ್ಲಿ ಕವಿದ ಮೌನ ಈ ಗದ್ದಲದ ನಡುವೆ ನನ್ನ ಕಿವಿಗೆ ಕೇಳಿಸಿತು.

ಮೊದಲು ಕಂಡವಳು ಹುಡುಗಿ. "ತಾತ, ಅಲ್ಲಿ!" ಎಂದಳು. ದಡದಲ್ಲಿ ಕಾವಲಿನವನೊಬ್ಬ ಅವನನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದ. ಮಗು ಒಂದು ಗುಟುಕು ನೀರು ಕುಡಿದು ಕೆಮ್ಮುತ್ತಿತ್ತು, ಅಷ್ಟೆ. ಅಲೆ ಹಿಂದೆ ಸರಿಯುವಾಗ ಕಾಲನ್ನು ಎಳೆದುಕೊಂಡಿದೆ; ಕುಳಿತುಬಿಟ್ಟಿದ್ದಾನೆ; ಮುಂದಿನ ಅಲೆ ತಲೆಯ ಮೇಲೆ ಹಾದುಹೋಗಿದೆ. ಕಾವಲಿನವನು ಆ ಕ್ಷಣದಲ್ಲಿಯೇ ಇಳಿದು ಎತ್ತಿಕೊಂಡಿದ್ದ. ನನಗೆ ಯುಗವೆನಿಸಿದ್ದು ಒಂದೆರಡು ನಿಮಿಷವಿರಬೇಕು.

"ಯಾರ ಮಗು ಅಂತ ಕೇಳ್ತಾನೇ ಇದ್ದೆ ಸಾರ್" ಎಂದ ಅವನು. "ನಿನ್ ಹೆಸರೇನು ಅಂದ್ರೆ ಪುಟ್ಟ ಅಂತಾನೆ. ಯಾರ ಜೊತೆ ಬಂದೆ ಅಂದ್ರೆ ತಾತ ಅಂತಾನೆ. ತಾತನ ಹೆಸರೇನು ಅಂದ್ರೆ ತಾತಾನೇ ಅಂತಾನೆ."

ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಸಾವಿರಾರು ಮಕ್ಕಳಿಗೆ ಪಾಠ ಹೇಳಿದ್ದೇನೆ. ನನ್ನ ಮನೆಯ ಕೂಸಿಗೆ ನನ್ನ ಅಂಕಿತನಾಮವನ್ನು ಕಲಿಸಿರಲಿಲ್ಲ, ಅವನದನ್ನೇ ಕಲಿಸಿರಲಿಲ್ಲ.

"ಕೂಗಬಾರದಾಗಿತ್ತೇನಪ್ಪ ನೀನು?" ಎಂದು ಮೊಮ್ಮಗನನ್ನು ಕೇಳಿದೆ. ಉತ್ತರ ಕೊಟ್ಟವನು ಕಾವಲಿನವನು. "ಮುಳುಗೋರು ಕೂಗಲ್ಲ ಸಾರ್. ಕೂಗೋರೆಲ್ಲ ಆಟ ಆಡ್ತಿರೋರು. ಸದ್ದಿಲ್ಲದೆ ಇರೋ ಮಗೂನೇ ನಾವು ನೋಡೋದು. ಒಂದು ಮಗೂಗೆ ಒಬ್ಬರು ದೊಡ್ಡೋರು ಇರ್ಬೇಕು, ಕೈಗೆ ಸಿಗೋ ಹಾಗೆ. ಎರಡಕ್ಕೆ ಒಬ್ಬರು ಸಾಲಲ್ಲ."

ಊರಿಗೆ ಬಂದ ಮೇಲೆ ಈ ಮಾತನ್ನು ಕುರಿತು ಓದಿದೆ. ನ್ಯೂಯಾರ್ಕಿನ ಕಡಲತೀರದಲ್ಲಿ ಜೀವರಕ್ಷಕರಾಗಿದ್ದ ಫ್ರಾಂಕ್ ಪಿಯಾ ಎಂಬವರು ಮುಳುಗುವವರನ್ನು ವರ್ಷಗಟ್ಟಲೆ ಗಮನಿಸಿ ಹೇಳಿರುವುದೂ ಇದನ್ನೇ. ಬಾಯಿ ನೀರಿನ ಮೇಲೆ ಬಂದಾಗ ಉಸಿರೆಳೆದುಕೊಳ್ಳುವಷ್ಟೇ ಅವಕಾಶ. ಕೂಗಲು ಉಸಿರು ಉಳಿಯುವುದಿಲ್ಲ. ಕೈಗಳು ತಾವಾಗಿಯೇ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಬೀಸಿ ಕರೆಯಲು ಅವು ಮೇಲೇಳುವುದಿಲ್ಲ. ಸಿನಿಮಾಗಳಲ್ಲಿ ನಾವು ಕಾಣುವ ಕೈಬೀಸುವಿಕೆ, ಆರ್ತನಾದಗಳೆಲ್ಲ ನಿರ್ದೇಶಕರ ಕಲ್ಪನೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರಡಿಸಿದ ವರದಿಯಂತೆ 2021ರ ಒಂದೇ ವರ್ಷದಲ್ಲಿ ಲೋಕದಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಮೆ ಕಾಲು ಭಾಗ ಐದು ವರ್ಷದೊಳಗಿನ ಕೂಸುಗಳು. ವಿಹಾರಧಾಮದಲ್ಲಿ ಕಾವಲಿನವನಾದರೂ ಇರುತ್ತಾನೆ. ನಮ್ಮೂರ ಕೆರೆಗೆ, ಕೃಷಿಹೊಂಡಕ್ಕೆ, ಹಿತ್ತಲಿನ ತೊಟ್ಟಿಗೆ ಯಾರಿದ್ದಾರೆ?

ಹಾಗೆಂದು ಮಕ್ಕಳನ್ನು ಕರೆದೊಯ್ಯಬೇಡಿರೆಂದು ನಾನು ಹೇಳುತ್ತಿಲ್ಲ. ಸಂಜೆಯವರೆಗೂ ಅವರು ಆಡಿದರು. ಸಣ್ಣ ಮಕ್ಕಳಿಗೆಂದೇ ಮಾಡಿದ ಗೇಣುದ್ದದ ಕೊಳದಲ್ಲಿ, ತಲೆಯ ಮೇಲೆ ದೊಡ್ಡ ಬಕೆಟ್ಟೊಂದು ತುಂಬಿ ತುಂಬಿ ಮಗುಚುವಲ್ಲಿ, ಹುಡುಗ ಮತ್ತೆ ಮತ್ತೆ ಹೋಗಿ ನಿಂತ. ಈ ಸಲ ಅವನೊಬ್ಬನಿಗೆ ನಾನೊಬ್ಬ. ಅವಳಿಗೆ ಅವಳ ಅಪ್ಪ. ನಾನು ಪೆಟ್ಟಿಗೆ ತೆರೆಸಿ ಕನ್ನಡಕ ತಂದುಕೊಂಡು, ಹೆಂಡತಿಯ ಜಡೆಯ ಟೇಪಿನಿಂದ ಅದನ್ನು ತಲೆಗೆ ಬಿಗಿದುಕೊಂಡಿದ್ದೆ. ನೋಡುವವರು ನಕ್ಕಿರಬಹುದು. ಬಕೆಟ್ಟಿನ ನೀರು ನನ್ನ ತಲೆಯ ಮೇಲೂ ಬಿತ್ತು. ಐವತ್ತೆಂಟು ವರ್ಷದಲ್ಲಿ ಅಷ್ಟು ದೊಡ್ಡದಾಗಿ ನಾನು ಎಂದೂ ನಕ್ಕಿರಲಿಲ್ಲ. ಕವಿಗಳು ಸುಮ್ಮನೆ ಆ ವರ್ಣನೆಯನ್ನು ಕಡ್ಡಾಯಮಾಡಿರಲಾರರು.

ದೀಪಾವಳಿ ರಜಕ್ಕೆ ಮತ್ತೆ ಹೋಗಬೇಕೆಂದು ಮಕ್ಕಳ ಹಟ. ಕಿತ್ತಳೆ ಬಣ್ಣದ ಅಂಗಿ ಕೊಂಡಾಗಿದೆ. ನೀಲಿ ನೀರಿನಲ್ಲಿ ಅದು ಎದ್ದು ಕಾಣುತ್ತದೆಯಂತೆ. ಫೋನ್ ನಂಬರನ್ನು ಮಗುವಿನ ತೋಳಿನ ಮೇಲೆ ಅಳಿಸದ ಮಸಿಯಲ್ಲಿ ಬರೆಯುವುದಾಗಿ ಮಗಳು ಹೇಳಿದ್ದಾಳೆ. ಹುಡುಗ ಈಗ ತನ್ನ ಹೆಸರು, ಅಪ್ಪನ ಹೆಸರು, ನನ್ನ ಹೆಸರುಗಳನ್ನು ಮಗ್ಗಿಯಂತೆ ಒಪ್ಪಿಸುತ್ತಾನೆ. ನನ್ನ ಹೆಸರಿನ ಒತ್ತಕ್ಷರವೊಂದು ಮಾತ್ರ ಅವನ ಬಾಯಲ್ಲಿ ಜಾರಿಹೋಗುತ್ತದೆ. ಪಕ್ಕದ ಮನೆಯವರು ಅಲ್ಲಿ ಏನೇನು ನೋಡಿದೆಯೋ ಎಂದು ಮೊನ್ನೆ ಅವನನ್ನು ಕೇಳಿದರು. ಬಕೆಟ್ಟನ್ನೂ ಅಲೆಯನ್ನೂ ವರ್ಣಿಸಿದ ಮೇಲೆ ಅವನು ದನಿ ತಗ್ಗಿಸಿ ಹೇಳಿದನಂತೆ: "ಅಲ್ಲಿ ನಮ್ ತಾತ ಕಳ್ದುಹೋಗಿದ್ರು."