ನೆಟ್ ಪಕ್ಕದ ಚೆಂಡು



ಚಾಮುಂಡಿ ವಿಹಾರ ಕ್ರೀಡಾಂಗಣವಿರುವ ನಜರ್‌ಬಾದಿಗೆ ಆಟ ಹೊಸದಲ್ಲ. ಆದರೆ ಟೇಬಲ್ ಟೆನಿಸ್‌ನಲ್ಲಿ ನಮ್ಮ ಮಕ್ಕಳು ಸೋಲುವುದು ಜೋರು ಹೊಡೆತಕ್ಕಲ್ಲ, ನೆಟ್ ಪಕ್ಕ ಬೀಳುವ ಬ್ಯಾಕ್‌ಸ್ಪಿನ್ ಚೆಂಡಿಗೆ ಎಂಬುದನ್ನು ನಾನು ಕಂಡಿದ್ದೇನೆ. ಎದುರಾಳಿ ತಳ ಸವರಿ ಕಳಿಸಿದ ಚೆಂಡು ಹಿಮ್ಮುಖವಾಗಿ ತಿರುಗುತ್ತಾ ಬರುತ್ತದೆ. ಬ್ಯಾಟನ್ನು ನೆಟ್ಟಗೆ ಹಿಡಿದು ತಾಗಿಸಿದಿರೋ, ಆ 2.7 ಗ್ರಾಂ ಚೆಂಡು ಸೀದಾ ನೆಟ್ಟಿಗೆ!

ಕೈ ಚಾಚಬೇಡಿ. ಬಲಗೈಯವರು ಬಲಗಾಲನ್ನು ಮೇಜಿನಡಿಗೆ ಇಟ್ಟು ಮೈಯನ್ನೇ ಚೆಂಡಿನ ಹತ್ತಿರ ಒಯ್ಯಿರಿ. ಬ್ಯಾಟಿನ ಮುಖ ತುಸು ಮೇಲಕ್ಕಿರಲಿ, ಹಿಡಿತ ಸಡಿಲವಿರಲಿ. ಚೆಂಡು ಪುಟಿದೇಳುವಾಗಲೇ ತಳ ಮುಟ್ಟಿ ನೆಟ್ ಪಕ್ಕಕ್ಕೇ ವಾಪಸ್ ಬಿಡಿ. ಮುಟ್ಟಿದ ಕೂಡಲೇ ಹಿಂದೆ ಸರಿಯಿರಿ. ಎಲ್ಲರೂ ಮರೆಯುವುದು ಇದನ್ನೇ.

2024ರ ಪ್ಯಾರಿಸ್ ಒಲಿಂಪಿಕ್ಸ್ ಆಡಿದ ಬೆಂಗಳೂರಿನ ಅರ್ಚನಾ ಕಾಮತ್ ಅವರ ಆಟ ನೋಡುವಾಗ ಕೈ ಬಿಟ್ಟು ಕಾಲು ನೋಡಿ.

ಹಳೆಯ ವಿದ್ಯಾರ್ಥಿಗಳು ಶಾಲೆಗೊಂದು ಮೇಜು ಕೊಡಿಸಿ. ಇಂಥ ಚೆಂಡನ್ನು ದಿನಕ್ಕೆ ನೂರು ಸಲ ಹಾಕಿಕೊಡಲು ಪಿ.ಟಿ. ಮೇಷ್ಟ್ರ ಜೊತೆ ನಾನೂ ಬರುತ್ತೇನೆ.