ಫಲಕವಿಲ್ಲದ ಪ್ರಾರ್ಥನೆ



ಈ ಸರ್ವಧರ್ಮ ಸಮಾವೇಶದ ಅಧ್ಯಕ್ಷತೆಗೆ ನಿವೃತ್ತ ಕನ್ನಡ ಮಾಸ್ತರನೊಬ್ಬನನ್ನು ಕರೆದಿದ್ದೀರಿ. ನಿಮಗೆ ನಾನು ಋಣಿ. ಆದರೆ ಇಂದು ನಾನು ತೀರಿಸಬೇಕಾದ ಇನ್ನೊಂದು ಋಣವೂ ಇದೆ. ಅದು ಒಬ್ಬ ಹುಡುಗನದು.

ನಾನು ಔರಾದ್‌ನಲ್ಲಿ ಪಾಠ ಮಾಡುತ್ತಿದ್ದಾಗ ಒಂದು ಸಂಜೆ ಆ ವಿದ್ಯಾರ್ಥಿ ಮನೆಗೆ ಬಂದ. ಒಳಗೆ ಬಂದವನು ಬಾಗಿಲು ಮುಂದಕ್ಕೆ ಎಳೆದುಕೊಂಡೇ ಕೂತ. "ಸರ್, ಐತವಾರ ಚರ್ಚಿಗೆ ಹೋಗ್ತೀನಿ. ಯೇಸುಸ್ವಾಮಿ ಮಾತು ಕೇಳಿದ್ರ ಕಣ್ಣಾಗ ನೀರು ಬರ್ತದ. ಮುಂಜಾನೆ ಅಜಾನ್ ಕೇಳಿದ್ರ ಎದ್ದು ಮಸೂತಿಗೆ ಹೋಗ್ಬೇಕು ಅನಸ್ತದ. ರಾತ್ರಿ ಮಲಗೋ ಮುಂದ ಕೈ ಜೋಡಿಸ್ಲೋ, ಕೈ ಬಿಚ್ಚಲೋ ತಿಳೀವಲ್ದು. ನಾ ಹ್ಯಾಂಗ ಬೇಡ್ಕೊಳ್ಳಲಿ?" ಎಂದು ಎರಡೂ ಕೈಗಳನ್ನು ನನ್ನ ಮುಂದೆ ಹಿಡಿದ. ಒಮ್ಮೆ ಜೋಡಿಸಿದ, ಒಮ್ಮೆ ಬಿಚ್ಚಿದ.

"ದೇವರು ಒಬ್ಬನೇ ಅಲ್ಲೇನಪ್ಪಾ, ಹ್ಯಾಂಗ ಬೇಡಿದ್ರೂ ನಡೀತದ" ಎಂದುಬಿಟ್ಟೆ. ಅವನು ತಲೆ ತಗ್ಗಿಸಿ ಎದ್ದು ಹೋದ. ನಾನು ಹುಟ್ಟಿದ್ದು ಬೀದರಿನ ಮಂಗಲಪೇಟೆಯ ಮೆಥೋಡಿಸ್ಟ್ ಮನೆಯಲ್ಲಿ, ಆಡಿ ಬೆಳೆದದ್ದು ಮುಸ್ಲಿಂ ಗೆಳೆಯರ ಅಂಗಳದಲ್ಲಿ. ಅವನ ಸಂಕಟ ನನಗೆ ಅರ್ಥವಾಗಬೇಕಿತ್ತು. ನನ್ನ ಉತ್ತರ ತೀರ ಅಗ್ಗದ್ದಾಗಿತ್ತು.

ಅಗ್ಗ ಏಕೆಂದರೆ ಅದು ಎರಡೂ ಧರ್ಮಗಳ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕುರ್‌ಆನಿನ 19ನೆಯ ಅಧ್ಯಾಯಕ್ಕೆ ಮರ್ಯಮರ ಹೆಸರೇ ಇದೆ. ಈಸಾ ಅಲ್ಲಿ ಕನ್ಯೆಯ ಮಗ, ದೇವರ ಪ್ರವಾದಿ. ಕ್ರೈಸ್ತರಿಗೆ ಅದೇ ಯೇಸು ದೇವಪುತ್ರ, ಶಿಲುಬೆಯ ಮೇಲೆ ಜೀವ ಕೊಟ್ಟ ರಕ್ಷಕ. ಪುತ್ರತ್ವವನ್ನೂ ಶಿಲುಬೆಯ ಮರಣವನ್ನೂ ಇಸ್ಲಾಂ ಒಪ್ಪುವುದಿಲ್ಲ. ಇದು ಸಣ್ಣ ವ್ಯತ್ಯಾಸವಲ್ಲ. ಇದಕ್ಕಾಗಿಯೇ ಆ ಹುಡುಗ ರಾತ್ರಿ ನಿದ್ದೆಗೆಟ್ಟದ್ದು.

ಕೂಡಿ ಬಾಳುವುದು ನಮ್ಮ ನೆಲಕ್ಕೆ ಹೊಸದಲ್ಲ. ಇಲ್ಲೇ ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ವಲಿಯ ಗೋರಿಯಿದೆ. ಅವನ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ, ಶಂಖ ಊದುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ. ಒಬ್ಬರಿಗೆ ವಲಿಯಾದವನು ಇನ್ನೊಬ್ಬರಿಗೆ ಅಲ್ಲಮಪ್ರಭು. ಈ ಪುಣ್ಯ ನಮ್ಮದು. ಆದರೆ ಜಾತ್ರೆಯಲ್ಲಿ ನೂರು ಜನ ಜೊತೆಗಿರುತ್ತಾರೆ. ನಡುರಾತ್ರಿ ಹಾಸಿಗೆಯ ಪಕ್ಕ ಮೊಣಕಾಲೂರಿದವನು ಒಬ್ಬನೇ ಇರುತ್ತಾನೆ. ಅವನಿಗೆ ಏನು ಹೇಳೋಣ?

ಉತ್ತರ ನನಗೆ ಸಿಕ್ಕಿದ್ದು ಭಾಲ್ಕಿಯಿಂದ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಗೆ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಅವರ ಪುಣ್ಯದಿಂದಲೇ ನಾನು ಕನ್ನಡ ಮಾಸ್ತರನಾದೆ. ಸರ್ಕಾರದ ಎದುರು ಆ ಫಲಕ ಬೇಕಾಗಿತ್ತು. ದೇವರ ಎದುರು ಯಾವ ಫಲಕವೂ ಬೇಕಿಲ್ಲ. ಅಲ್ಲಿ ಹೊರಗೊಂದು ಒಳಗೊಂದು ನಡೆಯುವುದಿಲ್ಲ. ಒಳಗೆ ಏನಿದೆಯೋ ಅದನ್ನೇ ಹೇಳುವುದು ಮೊದಲ ಪ್ರಾರ್ಥನೆ. "ನನ್ನನ್ನು ಹುಟ್ಟಿಸಿದವನೇ, ಎರಡು ಕಡೆಗೂ ನನ್ನ ಮನಸ್ಸು ಎಳೆಯುತ್ತಿದೆ. ನಿಜ ಯಾವುದೋ ಅದನ್ನು ನನಗೆ ಕಾಣಿಸು. ಕಾಣಿಸಿದ ಮೇಲೆ ನಡೆಯುವ ಧೈರ್ಯ ಕೊಡು." ಇಷ್ಟು ಹೇಳಲು ಯಾರ ಅಪ್ಪಣೆಯೂ ಬೇಡ.

ಹೀಗೆ ದಾರಿ ಕೇಳುವುದು ನಂಬಿಕೆಯಿಲ್ಲದವರ ಲಕ್ಷಣವೆಂದು ತಿಳಿಯಬೇಡಿ. ನಮಾಜಿನ ಪ್ರತಿ ರಕಾತಿನಲ್ಲೂ, ಅಂದರೆ ಪ್ರತಿ ಆವರ್ತನೆಯಲ್ಲೂ, ಇರುವ ಕುರ್‌ಆನಿನ ಮೊದಲ ಅಧ್ಯಾಯ ಫಾತಿಹಾದ ಬೇಡಿಕೆಯೇ ನೇರ ದಾರಿಯದು. ಐದು ಹೊತ್ತಿನ ಕಡ್ಡಾಯ ರಕಾತುಗಳು 17. ಅಂದರೆ ಅರವತ್ತು ವರ್ಷ ನಮಾಜು ಮಾಡಿದ ಹಿರಿಯರ ನಮಾಜಿನಲ್ಲೂ ದಿನಕ್ಕೆ 17 ಸಲ ದಾರಿಯ ಬೇಡಿಕೆ ಬರುತ್ತದೆ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲೂ ತಂದೆಯ ಚಿತ್ತ ನೆರವೇರಲಿ ಎಂಬ ಬೇಡಿಕೆಯಿದೆ. ದಾರಿ ಕೇಳುವವನು ದಾರಿ ತಪ್ಪಿದವನಲ್ಲ.

ಕೈಯ ಪ್ರಶ್ನೆಗೂ ಈಗ ಉತ್ತರ ಹೇಳಬಲ್ಲೆ. ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಬೇಡು ಎಂದು ಯೇಸು ಹೇಳಿದ್ದನ್ನು ಮತ್ತಾಯ ಬರೆದಿದ್ದಾನೆ. ಕೈ ಹೀಗೇ ಇರಲಿ ಎಂದು ಅಲ್ಲಿಲ್ಲ. ಗೆತ್ಸೇಮನೆ ತೋಟದಲ್ಲಿ ಯೇಸು ಬೋರಲು ಬಿದ್ದು ಬೇಡಿದ ಸಂಗತಿಯೂ ಅದೇ ಪುಸ್ತಕದಲ್ಲಿದೆ. ಇಸ್ಲಾಮಿನಲ್ಲಿ ನಮಾಜಿಗೆ ವುಜೂ ಎಂಬ ಶುದ್ಧಿ, ಕಿಬ್ಲಾ ಎಂಬ ದಿಕ್ಕು, ಅರಬ್ಬಿಯ ಕಟ್ಟುಪಾಡು ಇದೆ. ಆದರೆ ದುಆ ಎಂಬ ಸ್ವಂತ ಬೇಡಿಕೆ ಯಾವ ಹೊತ್ತಿನಲ್ಲೂ, ನಮ್ಮ ಕನ್ನಡದಲ್ಲೂ ಆಗಬಹುದು. ಹೆಸರಿನ ಭಯವೂ ಬೇಡ. ಅರಬ್ಬಿ ಬೈಬಲ್ಲಿನಲ್ಲಿ ದೇವರು ಅಲ್ಲಾಹ್, ಉರ್ದು ಬೈಬಲ್ಲಿನಲ್ಲಿ ಖುದಾ. ಕನ್ನಡದಲ್ಲಿ ನಮ್ಮೆಲ್ಲರಿಗೂ ದೇವರು.

ಆದರೆ ಮಗೂ, ಒಂದು ಎಚ್ಚರಿಕೆ ಇರಲಿ. ಇಸ್ಲಾಂ ಸ್ವೀಕಾರದ ಕಲಿಮಾ ಹೇಳುವುದು, ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆಯುವುದು ಪರೀಕ್ಷೆ ಮಾಡಿ ನೋಡುವ ವಸ್ತುಗಳಲ್ಲ. ಅವು ಕೊಟ್ಟ ಮಾತು. ಮನಸ್ಸು ಗಟ್ಟಿಯಾಗುವ ತನಕ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ಕೇಳು, ಕರ್ತನ ಭೋಜನದ ರೊಟ್ಟಿಗೆ ಕೈಚಾಚಬೇಡ. ಮಸೀದಿಯಲ್ಲಿ ಹಿರಿಯರನ್ನು ಕೇಳಿ ಒಂದು ಬದಿಗೆ ಕೂತು ನೋಡು. ಎರಡೂ ಗ್ರಂಥಗಳನ್ನು ಅರ್ಥ ತಿಳಿದವರ ಜೊತೆ ಓದು. ಒಂದರ ಅರ್ಧ, ಇನ್ನೊಂದರ ಅರ್ಧ ಸೇರಿಸಿ ನಿನ್ನದೇ ಮೂರನೆಯದನ್ನು ಹೊಲಿಯಬೇಡ. ಎರಡೂ ಮನೆಯವರಿಗೆ ಅದು ನೋವು.

ಹೀಗೆ ಹುಡುಕಿದವರು ಎಲ್ಲಿಗೆ ತಲುಪುತ್ತಾರೆ? ಇಬ್ಬರ ಹೆಸರು ಹೇಳುತ್ತೇನೆ. ಫ್ರಾನ್ಸಿನ ಶಾರ್ಲ್ ದ ಫುಕೋ 1883–84ರಲ್ಲಿ ಮೊರಾಕೊ ಸುತ್ತಿದಾಗ ಮುಸ್ಲಿಮರ ಪ್ರಾರ್ಥನೆ ನೋಡಿ ಒಳಗೆ ಅಲುಗಾಡಿಹೋದ. 1886ರಲ್ಲಿ ತಾನು ಬಿಟ್ಟಿದ್ದ ಚರ್ಚಿಗೆ ಮರಳಿದ. 2022ರಲ್ಲಿ ಚರ್ಚು ಅವನನ್ನು ಸಂತನೆಂದು ಸಾರಿತು. ಇಂಗ್ಲೆಂಡಿನ ಪಾದ್ರಿಯ ಮಗ ಮಾರ್ಮಡ್ಯೂಕ್ ಪಿಕ್ತಾಲ್ 1917ರಲ್ಲಿ ಇಸ್ಲಾಂ ಸ್ವೀಕರಿಸಿದ. ಮುಂದೆ ನಮ್ಮ ಬೀದರ್ ಸೇರಿದ್ದ ಹೈದರಾಬಾದ್ ಸಂಸ್ಥಾನಕ್ಕೇ ಬಂದು ಕೆಲಸ ಮಾಡಿದ. ಅವನ ಕುರ್‌ಆನ್ ಅನುವಾದ 1930ರಲ್ಲಿ ಪ್ರಕಟವಾಯಿತು. ಒಬ್ಬ ಇತ್ತ ಬಂದ, ಒಬ್ಬ ಅತ್ತ ಹೋದ. ಇಬ್ಬರೂ ನಡೆದದ್ದು ತಮ್ಮ ಕಾಲಿನಿಂದ.

ಆದ್ದರಿಂದ ಹಿರಿಯರಲ್ಲಿ ನನ್ನ ಬಿನ್ನಹ. ಸಂವಿಧಾನದ 25ನೆಯ ವಿಧಿ ಅಂತಃಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ಅದು ಔರಾದ್‌ನ ಹುಡುಗನಿಗೂ ಸೇರಿದ್ದು. ಪಾದ್ರಿಗಳೇ, ಮೌಲ್ವಿ ಸಾಹೇಬರೇ, ಇಂಥ ಮಗು ನಿಮ್ಮ ಬಾಗಿಲಿಗೆ ಬಂದರೆ ಗೆದ್ದೆವೆಂದು ಸಂಭ್ರಮಿಸಬೇಡಿ, ಕಳೆದುಕೊಂಡೆವೆಂದು ಗದರಿಸಬೇಡಿ. ಅವಸರ ಮಾಡಬೇಡಿ. ತಂದೆ–ತಾಯಂದಿರೇ, ಅವನ ತಟ್ಟೆಗೆ ಎಂದಿನಂತೆ ರೊಟ್ಟಿ ಹಾಕಿ. ಅವನು ಏನು ನಂಬುತ್ತಾನೆಂದು ಆಮೇಲೆ ಕೇಳಿದರಾಯಿತು.

ಆ ಹುಡುಗ ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಈ ಸಭೆಯಲ್ಲಿ ಅವನಂಥವರು ಯಾರಾದರೂ ಇದ್ದರೆ ಕೇಳಿಸಿಕೊಳ್ಳಿ: ಇಂದು ರಾತ್ರಿ ಕೈ ಜೋಡಿಸಿದರೂ ಸರಿ, ಬಿಚ್ಚಿದರೂ ಸರಿ. ಸುಳ್ಳು ಮಾತ್ರ ಹೇಳಬೇಡಿ. ನಾಳೆ ಮಾತಾಡಬೇಕೆನಿಸಿದರೆ ನನ್ನ ಮನೆಗೆ ಬನ್ನಿ. ಈ ಸಲ ನಾನು ಕೂತು ಕೇಳುತ್ತೇನೆ.