ಹಡಗಿನ ತಳಕ್ಕೊಂದು ಅದುರುವ ಚರ್ಮ



ಸಮುದ್ರಕ್ಕೆ ಏನನ್ನೇ ಇಳಿಬಿಡಿ, ಸ್ವಲ್ಪ ಹೊತ್ತಿನಲ್ಲೇ ಅದರ ಮೇಲೆ ಬ್ಯಾಕ್ಟೀರಿಯಾಗಳ ಲೋಳೆ ಕೂರುತ್ತದೆ. ಆಮೇಲೆ ಪಾಚಿ, ನೀಲಿಕಲ್ಲೆಂಬ ಚಿಪ್ಪುಜೀವಿ, ಸುಣ್ಣದ ಗೂಡು ಕಟ್ಟುವ ಬಾರ್ನಕಲ್. ಮಲ್ಪೆಯಲ್ಲೋ ತದಡಿಯಲ್ಲೋ ದಡಕ್ಕೆಳೆದ ದೋಣಿಯ ತಳ ಹೆರೆಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಮೆರಿಕದ ಒಂದು ಮಾದರಿಯ ಯುದ್ಧನೌಕೆಗೆ 2007ರಲ್ಲಿ ಲೆಕ್ಕ ಹಾಕಿದಾಗ, ತಳದಲ್ಲಿ ದಟ್ಟವಾಗಿ ಚಿಪ್ಪು ಬೆಳೆದರೆ ಅದೇ ವೇಗಕ್ಕೆ ಶೇಕಡಾ 86ರವರೆಗೂ ಹೆಚ್ಚು ಶಕ್ತಿ ಬೇಕೆಂದು ಕಂಡುಬಂತು.

ಇದಕ್ಕೆ ಬಹುಕಾಲ ನಮ್ಮಲ್ಲಿದ್ದ ಮದ್ದು ಒಂದೇ, ವಿಷ. 1761ರಲ್ಲಿ ಬ್ರಿಟಿಷ್ ನೌಕಾಪಡೆ ‘ಅಲಾರ್ಮ್’ ಎಂಬ ನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿ ವೆಸ್ಟ್ ಇಂಡೀಸ್‌ಗೆ ಕಳಿಸಿತು. ಮರ ಕೊರೆಯುವ ಹುಳು ಹತ್ತಿರ ಸುಳಿಯಲಿಲ್ಲ, ಪಾಚಿಯೂ ಹಿಡಿಯಲಿಲ್ಲ. ಆದರೆ ತಾಮ್ರ ತಾಗಿದ ಕಬ್ಬಿಣದ ಮೊಳೆಗಳು ಸವೆದುಹೋಗಿದ್ದವು.

ಮುಂದೆ ತಾಮ್ರವೇ ಸವೆಯುತ್ತಿದೆ ಎಂಬ ದೂರು ಬಂತು. ಕರೆ ಹೋದದ್ದು ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಗೆ. ಈ ಇಡೀ ಚರಿತ್ರೆಯಲ್ಲಿ ನನಗೆ ಹೆಚ್ಚು ಇಷ್ಟವಾಗುವ ಪ್ರಸಂಗ ಇದು. 1824ರಲ್ಲಿ ಡೇವಿ ತಗಡಿಗೆ ಸತು, ಕಬ್ಬಿಣದ ತುಂಡುಗಳನ್ನು ಜೋಡಿಸಿದ. ತಾಮ್ರದ ಬದಲು ಅವು ಕರಗತೊಡಗಿದವು. ತಾಮ್ರ ಉಳಿಯಿತು, ರಸಾಯನಶಾಸ್ತ್ರ ಗೆದ್ದಿತು. ಹಡಗು ಮಾತ್ರ ಸೋತಿತು, ಏಕೆಂದರೆ ಜೀವಿಗಳನ್ನು ದೂರವಿಟ್ಟಿದ್ದೇ ಕರಗುವ ತಾಮ್ರ. ಕರಗುವುದು ನಿಂತೊಡನೆ ಬಾರ್ನಕಲ್‌ಗಳು ಮೆರವಣಿಗೆ ಹೊರಟವು. ನೌಕಾಪಡೆ ಆ ಉಪಾಯವನ್ನೇ ಕೈಬಿಟ್ಟಿತು.

ಕಬ್ಬಿಣದ ಹಡಗುಗಳು ಬಂದ ಮೇಲೆ ತಗಡಿನ ಜಾಗಕ್ಕೆ ವಿಷದ ಬಣ್ಣ ಬಂತು. 1960ರ ದಶಕದಲ್ಲಿ ಬಳಕೆಗೆ ಬಂದ ಟ್ರೈಬ್ಯುಟೈಲ್ ಟಿನ್ ಎಂಬ ವಿಷ ಎಲ್ಲವನ್ನೂ ಮೀರಿಸಿತು. ಅದರ ಬೆಲೆ ತೆತ್ತದ್ದು ಫ್ರಾನ್ಸಿನ ಆರ್ಕಶೋಂ ಕೊಲ್ಲಿ. ಅಲ್ಲಿನ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪಗಾಯಿತು, ಮರಿಗಳು ಉಳಿಯಲಿಲ್ಲ. ಇಂಗ್ಲೆಂಡಿನ ಕರಾವಳಿಯಲ್ಲಿ ಹೆಣ್ಣು ಶಂಖದ ಹುಳುಗಳಿಗೆ ಗಂಡಿನ ಅಂಗ ಬೆಳೆಯಿತು. ಫ್ರಾನ್ಸ್ 1982ರಲ್ಲೇ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿದರೂ, ಜಾಗತಿಕ ಒಪ್ಪಂದ 2001ರಲ್ಲಿ ಆಗಿ ಜಾರಿಗೆ ಬಂದದ್ದು 2008ರಲ್ಲಿ.

ಈಗ ಬೇರೊಂದು ದಾರಿ. ನೊಣ ಕೂತರೆ ಹಸು ಅದನ್ನು ಕೊಲ್ಲಹೋಗುವುದಿಲ್ಲ, ಅಷ್ಟು ಜಾಗದ ಚರ್ಮವನ್ನು ಅದುರಿಸುತ್ತದೆ. ನಮ್ಮ ಶ್ವಾಸನಾಳದ ಸೂಕ್ಷ್ಮ ರೋಮಗಳು ಸದಾ ಅಲುಗುತ್ತ ಕಫವನ್ನು ಮೇಲಕ್ಕೆ ತಳ್ಳುತ್ತವೆ. ಕಡಲ ನಕ್ಷತ್ರಮೀನಿನ ಮೈಮೇಲೆ ಪುಟ್ಟ ಚಿಮಟಗಳೇ ಇವೆ. ಹಾಗಾದರೆ ಹಡಗಿಗೂ ಸ್ನಾಯು ಕೊಟ್ಟರೆ?

ಆ ಸ್ನಾಯುವಿನ ಬೀಜ ಹಳೆಯದು. ಎಕ್ಸ್‌ರೇ ಕಂಡುಹಿಡಿಯುವುದಕ್ಕೆ 15 ವರ್ಷ ಮೊದಲು, 1880ರಲ್ಲಿ, ರಂಟ್ಗನ್ ರಬ್ಬರ್ ಪಟ್ಟಿಗೆ ವಿದ್ಯುದಾವೇಶ ಕೊಟ್ಟು ಅದರ ಉದ್ದ ಬದಲಾಗುವುದನ್ನು ಗಮನಿಸಿದ್ದ. 2000ದಲ್ಲಿ ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯವರು ವಿದ್ಯುತ್ತಿನಿಂದ ಎರಡು ಪಟ್ಟಿಗೂ ಮೀರಿ ಹಿಗ್ಗುವ ಹಾಳೆಗಳನ್ನು ತೋರಿಸಿದರು. 2013ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಶುವಾನ್‌ಹೆ ಝಾವೊ, ಗೇಬ್ರಿಯಲ್ ಲೋಪೆಜ್ ಮತ್ತು ಸಂಗಡಿಗರು ಇದನ್ನು ಕಡಲಿನ ಕೊಳೆಯ ಮೇಲೆ ಪ್ರಯೋಗಿಸಿದರು. ತೆಳು ಸಿಲಿಕೋನ್ ಪದರಕ್ಕೆ ವೋಲ್ಟೇಜ್ ಕೊಟ್ಟರೆ ಮೇಲ್ಮೈ ಸುಕ್ಕುಗಟ್ಟುತ್ತದೆ, ಗುಳಿ ಬೀಳುತ್ತದೆ. ಗಾಳಿ ತುಂಬಿ ಉಬ್ಬಿಸಿಯೂ ಇದನ್ನು ಮಾಡಬಹುದು. ಬಾರ್ನಕಲ್‌ನ ಅಂಟು ಗಡುಸು. ಕೆಳಗಿನ ನೆಲ ಹಿಗ್ಗಿದಾಗ ಅದು ಜೊತೆಗೆ ಹಿಗ್ಗಲಾರದೆ ಕಿತ್ತು ಬರುತ್ತದೆ. ಬ್ಯಾಕ್ಟೀರಿಯಾದ ಲೋಳೆಯಂತೂ ಶೇಕಡಾ 95ಕ್ಕೂ ಹೆಚ್ಚು ಉದುರಿತು. ನೀರಿಗೆ ಒಂದು ತೊಟ್ಟು ವಿಷವೂ ಸೇರಲಿಲ್ಲ.

ಹಾಗೆಂದು ನಾಳೆಯೇ ತೈಲದ ಹಡಗುಗಳು ಮೈ ಕೊಡವುತ್ತವೆ ಎಂದುಕೊಳ್ಳಬೇಡಿ. ಸಾವಿರಾರು ಚದರ ಮೀಟರ್ ತಳಕ್ಕೆ ವೋಲ್ಟೇಜ್ ಅಥವಾ ಗಾಳಿ ಹಾಯಿಸಬೇಕು; ಹಡಗುಕಟ್ಟೆಗೆ ಒಂದು ಸಲ ಉಜ್ಜಿದರೂ ಪದರ ಹರಿಯಬಹುದು. ನನ್ನ ಅಂದಾಜಿನಲ್ಲಿ ಇದು ಮೊದಲು ಸಲ್ಲುವುದು ಚಿಕ್ಕ ವಸ್ತುಗಳಿಗೆ, ನೀರೊಳಗಿನ ಅಳತೆಯ ಉಪಕರಣಗಳಿಗೆ. ಆಸ್ಪತ್ರೆಗೂ ಸಲ್ಲೀತು: 2014ರಲ್ಲಿ ಡ್ಯೂಕ್‌ನವರು ಒಳಗೋಡೆ ಉಬ್ಬಿಸಿ ಲೋಳೆ ಕಳಚುವ ಮೂತ್ರದ ಕ್ಯಾತಿಟರ್ ಅನ್ನೂ ಮಾಡಿ ತೋರಿಸಿದ್ದಾರೆ. ದೊಡ್ಡ ಹಡಗುಗಳ ತಳಕ್ಕೆ ಇಂದಿಗೂ ಹೆಚ್ಚಾಗಿ ಬಳಿಯುವುದು ತಾಮ್ರ ಬೆರೆತ ಬಣ್ಣವನ್ನೇ.